ಐತಿಹ್ಯಾನೋ, ದಂತಕಥೆನೋ? ಪಂಢರಪುರದ ಒಂದು ಕಥಿಗೆ ಪದ ಬೇಕಾಗೇದ

ಎಲ್ಲರಿಗೂ ನಮಸ್ಕಾರ್ರಿ. ಒಂದು ಪದದ ಬಗ್ಗೆ ಕೇಳೋದದ, ಸ್ವಲ್ಪ ಉದ್ದ ಆಗ್ತದ, ಪೂರ್ತಿ ಓದ್ರಿ.

ನಾವಿರೋದು ಪುಣೆದಾಗ, ಮೂಲ ವಿಜಯಪುರದ ಕಡೆಯವ್ರು. ಆಷಾಢದಾಗ ಪಂಢರಪುರಕ್ಕ ಹೊಂಟ ಸಂತರ ಪಾಲಕಿ ಬಂದಾಗ ನಾನಾ ಪೇಠದಾಗ ನಿಂತು ವಾರಕರಿಗಳಿಗೆ, ಅಂದ್ರ ಅದರ ಕೂಡ ನಡಕೋತ ಹೋಗೋ ವಿಠ್ಠಲನ ಭಕ್ತರಿಗೆ, ರಾಜಗಿರಿ ಲಾಡು ಹಂಚತಿದ್ವಿ, ಒಬ್ರು ಅಜ್ಜ ಲಾಡು ತಗೊಂಡು ಹೆಗಲಮ್ಯಾಲಿನ ಟಾವೆಲ್ ತುದಿಗೆ ಗಂಟು ಹಾಕ್ಕೋತ ನೀವು ಯಾವ ಕಡೆಯವ್ರು ಅಂತ ಕೇಳಿದ್ರು, ಹೇಳಿದ ಕೂಡ್ಲೇ 'ಮಗ ವಿಠೋಬಾ ತುಮಚಾಚ್ ಕೀ', ಹಂಗಾದ್ರ ವಿಠ್ಠಲ ನಿಮ್ಮವನ ಅಲ್ಲ, ಅಂತ ಮರಾಠಿಯೊಳಗ ಅಂದ್ಬಿಟ್ರು. ಆಮ್ಯಾಲೆ ಅಲ್ಲೇ ನಿಂತು ಕಥಿ ಹೇಳಿದ್ರು. ಕೃಷ್ಣದೇವರಾಯ ಪಂಢರಪುರದ ವಿಠ್ಠಲನ ಮೂರ್ತಿನ ಹಂಪಿಗೆ ಒಯ್ದದ್ದು, ಸಂತ ಏಕನಾಥರ ಮುತ್ತಜ್ಜ ಭಾನುದಾಸರು ಪೈಠಣದಿಂದ ಹೋಗಿ ವಾಪಸ್ ತಂದದ್ದು, ನಡುವ ದೇವರ ಹಾರ ಅವರ ಹತ್ರ ಸಿಕ್ತು ಅಂತ ಕಳ್ಳನ್ನ ಮಾಡಿ ಶೂಲಕ್ಕ ಏರಿಸಾಕ ಹೋದ್ರ ಆ ಶೂಲನ ಚಿಗುರಿದ್ದು. ಮಾತುಮಾತಿಗೂ 'ಮ್ಹಣೇ, ಮ್ಹಣೇ', ಅಂದ್ರ ನಮ್ಮ 'ಅಂತೆ, ಅಂತೆ'. ನಾ ಅದನ್ನ ಮಗಳಿಗೆ ಕನ್ನಡದಾಗ ಹೇಳ್ಕೋತ ಹೋದೆ, ಒಯ್ದಿದ್ನಂತ, ತಂದಿದ್ರಂತ, ಚಿಗುರಿತಂತ. ಎಲ್ಲಾ ಕೇಳಿ ಅಕಿ 'ಅವ್ವಾ, ದಂತಕಥಾ ಅಂದ್ರ ಸುಳ್ಳು ಏನು?' ಅಂದ್ಳು.

ಅಲ್ಲೇ ನಾ ತಡದೆ. ಮರಾಠಿಯೊಳಗ ದಂತಕಥಾ ಅಂದ್ರ ಆಧಾರ ಇಲ್ಲದ ಕಥಿ ಅನ್ನೋ ಛಾಯೆ ಜಾಸ್ತಿ, ಗೌರವದಿಂದ ಹೇಳೋವಾಗ ಆಖ್ಯಾಯಿಕಾ ಅಂತಾರ. ಕನ್ನಡದಾಗೂ ದಂತಕಥೆ ಮೊದಲು ಹಂಗೇ ಇತ್ತು, ಬಾಯಿಂದ ಬಾಯಿಗೆ ಬಂದದ್ದು, ಪುರಾವೆ ಕೇಳಬ್ಯಾಡ್ರಿ ಅನ್ನೋಹಂಗ. ಈಗ ನಮ್ಮ ಪೇಪರಿನವ್ರು 'ಕ್ರಿಕೆಟ್ ದಂತಕಥೆ' ಅಂತ ಜೀವಂತ ಮನಷ್ಯಾರಿಗೇ ಹಚ್ಚತಾರ. ಇಲ್ಲೆ ಮರಾಠಿಯವ್ರು ದಿಗ್ಗಜ ಅಂತಾರಲ್ಲ, ಆ ಜಾಗಾದಾಗ. ಕಣ್ಣ ಮುಂದ ಆಡಿದವರು ಕಥಿ ಹೆಂಗಾಗ್ತಾರೋ, ನನಗ ಇದು ಒಗ್ಗಿಲ್ಲ.

ಐತಿಹ್ಯ ನನಗ ಹೆಚ್ಚು ಸೇರ್ತದ. ಇತಿಹಾಸ ಅಂದ್ರ 'ಇತಿ ಹ ಆಸ', ಹೀಗೇ ಇತ್ತು. ಐತಿಹ್ಯ ಬರೇ 'ಇತಿ ಹ', ಹೀಗಂತ, ಅಷ್ಟ. ಎರಡೂ ಒಂದ ಬೇರಿನವು, ಒಂದರಾಗ 'ಇತ್ತು' ಅದ, ಇನ್ನೊಂದರಾಗ ಇಲ್ಲ. ಪೌರಾಣಿಕರು ಐತಿಹ್ಯನ ಒಂದು ಪ್ರಮಾಣ, ಅಂದ್ರ ತಿಳುವಳಿಕಿಗೆ ಒಂದು ಆಧಾರ, ಅಂತನ ಎಣಿಸ್ಯಾರ, ತರ್ಕಶಾಸ್ತ್ರದ ಹಳೇ ಗ್ರಂಥ ನ್ಯಾಯಸೂತ್ರ ಅದನ್ನ ಶಬ್ದಪ್ರಮಾಣದೊಳಗ, ಅಂದ್ರ ನಂಬಬಹುದಾದವರ ಮಾತಿನೊಳಗ, ಸೇರಸ್ತದ. ಅದಕ್ಕ ಕೊಡೋ ಹಳೇ ಉದಾಹರಣಿ, 'ಈ ಆಲದ ಮರದಾಗ ಯಕ್ಷ ಇದ್ದಾನ'. ಮೊದಲು ಯಾರು ಹೇಳಿದ್ರೋ ಗೊತ್ತಿಲ್ಲ, ಹೇಳೋದು ಮಾತ್ರ ನಿಂತಿಲ್ಲ. ನಮ್ಮ ಕಥಿಗೆ ಇದು ಎಷ್ಟು ಸರಿ ಹೊಂದ್ತದ ನೋಡ್ರಿ.

ಪ್ರತೀತಿ ಅಂತ ಗುಡಿ ಬೋರ್ಡಿನಮ್ಯಾಲೆ ಬರೀತಾರ, ಅದು ಕಥಿ ಅಲ್ಲ, ನಂಬಿಕಿ. ಕಿಂವದಂತಿಯಂತೂ ವದಂತಿ ಆಗಿ ಗಾಳಿಸುದ್ದಿಗೆ ಹೋಯ್ತು.

ಇನ್ನ ಕಥಿ ಖರೇನೋ ಸುಳ್ಳೋ ಅನ್ನೋದು. ವಿಠ್ಠಲಗ ಕನ್ನಡದ ನಂಟಿರೋದು ಖರೇನ, ಪಂಢರಪುರದಾಗ ಹೊಯ್ಸಳ ಸೋಮೇಶ್ವರನ 1237ರ ಶಾಸನ ಅದ, ದೇವರ ನೈವೇದ್ಯಕ್ಕ ಊರು ಬಿಟ್ಟುಕೊಟ್ಟದ್ದು. ಮರಾಠಿ ಸಂತ ಜ್ಞಾನೇಶ್ವರರ ಅಭಂಗದಾಗ (ಭಕ್ತಿಪದದಾಗ) ವಿಠ್ಠಲನ್ನ 'ಕಾನಡಾ' ಅಂತ ಕರದದ್ದು ನಿಮಗ ಗೊತ್ತೇ ಇರ್ತದ, ಇಲ್ಲಿಯವ್ರು ಕೆಲವರು ಅದಕ್ಕ ಕನ್ನಡದವ ಅನ್ನದ ತಿಳಿಯಲಾರದವ, ಅಗಮ್ಯ ಅಂತ ಅರ್ಥ ಹೇಳ್ತಾರ, ಅದೊಂದು ಬ್ಯಾರೆ ಚರ್ಚೆ ಆಗ್ತದ. ಆದ್ರ ಮೂರ್ತಿ ಒಯ್ದು ತಂದದ್ದನ್ನ ನಾ ಒಪ್ಪಲ್ಲ. 1513ರಾಗ ರಾಯನ ರಾಣಿಯರು ಹಂಪಿ ವಿಠ್ಠಲನ ಗುಡಿಗೆ ಗೋಪುರ ಕಟ್ಟಿಸ್ಯಾರ, ರಾಯ ತೀರಿಕೊಂಡದ್ದು 1529ಕ್ಕ, ಅದಾದ ಮ್ಯಾಲೂ 1554ರಾಗ ಸದಾಶಿವರಾಯನ ಕಾಲಕ್ಕ ಅಲ್ಲೇ ಹೊಸ ಮಂಟಪ ಎದ್ದದ. ಭಾನುದಾಸರು ರಾಯನ ಎದುರಿಗೇ ದೇವರನ್ನ ಕರಕೊಂಡು ಹೋಗಿದ್ರ ಖಾಲಿ ಗುಡಿಗೆ ಮಂಟಪ ಯಾರು ಕಟ್ಟತಾರ್ರಿ? ಗರ್ಭಗುಡಿ ಖಾಲಿ ಆದದ್ದು 1565ರ ತಾಳಿಕೋಟಿ ಯುದ್ಧದ ನಂತರದ ಹಾಳಿನಾಗ ಅಂತ ನನ್ನ ಲೆಕ್ಕ. ಹಂಪಿಗೆ ಹೋದಾಗ ಆ ಕತ್ತಲಿ ಗರ್ಭಗುಡಿ ಮುಂದ ನಿಂತಿದ್ದೆ, ಬರೇ ಕಲ್ಲು, ಒಂದು ಹೂ ಸುದ್ಧಾ ಇಲ್ಲ. ಅದನ್ನ ನೋಡಿದ ಭಕ್ತರಿಗೆ ದೇವರು ಎಲ್ಲಿ ಹೋದ ಅಂತ ಅನಿಸೇ ಅನಸ್ತದ, ಪಂಢರಪುರಕ್ಕ ಹೋದ ಅಂದ್ರ ಮನಸ್ಸಿಗೆ ಸಮಾಧಾನ. ಅದಕ್ಕ ಇದನ್ನ ಸುಳ್ಳು ಅನ್ನಾಕ ನನಗ ಬಾಯಿ ಬರಲ್ಲ.

ನೋಡಾಕ ಹೋದ್ರ ಕನ್ನಡಕ್ಕ ಈ ಪದನ ಬೇಕಾಗಿಲ್ಲ, ಕ್ರಿಯಾಪದದ ಬೆನ್ನಿಗೆ 'ಅಂತೆ' ಹಚ್ಚಿದ್ರ ಸಾಕು, ನಾ ಕಂಡಿಲ್ಲ, ಕೇಳೇನಿ ಅಂತ ತಾನ ಹೇಳ್ತದ. ನಮ್ಮ ಕಡೆ ಬಾಯಾಗ ಅದು 'ಅಂತ' ಆಗಿ 'ಹಾಡು ಅಂತ ಹೇಳಿದ' ಅನ್ನೋ 'ಅಂತ'ದ ಕೂಡ ಕಲಸಿಹೋಗೇದ, ದಕ್ಷಿಣದವರಿಗೆ ಎರಡೂ ಬ್ಯಾರೆ ಬ್ಯಾರೆ ಕೇಳಸ್ತಾವ. ಆದ್ರ 'ಅಂತೆ'ನ ನಾಮಪದ ಮಾಡಿ ಅಂತೆಕಂತೆ ಅಂದ್ರ ಕಥಿನ ಹೀಯಾಳಿಸಿದಂಗ ಆಗ್ತದ, ಅದು ಬ್ಯಾಡ.

ಬಲ್ಲವರು ಹೇಳ್ರಿ, ಮಾತಿನ್ಯಾಗ ಐತಿಹ್ಯ ಅಂದ್ರ ತೀರಾ ಪುಸ್ತಕದ ಪದ ಅನಸ್ತದೇನು? ಮುಂಬೈ, ಗೋವಾದಾಗ ಇರೋವ್ರು ಮನ್ಯಾಗ ಮಕ್ಕಳಿಗೆ ಇಂಥ ಕಥಿ ಹೇಳೋವಾಗ ಏನಂತೀರಿ? ನಮ್ಮ ಅಜ್ಜಿ 'ಹಿಂದಿನವ್ರು ಹೇಳಿದ್ದು' ಅಂತಿದ್ಳು. ಅಷ್ಟ ಅರ್ಥ ಬರೋ ಒಂದ ಪದ ನಿಮ್ಮ ಕಡೆ ಇದ್ರ ಬೇಕ್ರಿ.