ಪದಚರ್ಚೆ: ಸ್ತನ ತೆಗೆಸಿದ ಮೇಲಿನ ‘ಪುನರ್ನಿರ್ಮಾಣ’ಕ್ಕೆ ಬಾಯಿಗೆ ಬರುವ ಪದ ಯಾವುದು?

ಬಳಗದವರಿಗೆ ನಮಸ್ಕಾರ,

ಶಿರಸಿಯಲ್ಲಿ ನಮ್ಮ ಪರಿಚಯದ ಹೆಂಗಸರು ಕೆಲವರು ಸೇರಿ, ಸ್ತನ ಕ್ಯಾನ್ಸರಿನ ಆಪರೇಶನ್ ಆದವರಿಗಾಗಿ ಒಂದು ಸಣ್ಣ ಪುಸ್ತಿಕೆ ತರುತ್ತಿದ್ದಾರೆ. ಡಾಕ್ಟರೊಬ್ಬರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ, ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಸ್ತನಛೇದನ’, ‘ಸ್ತನ ಪುನರ್ನಿರ್ಮಾಣ’ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಇದನ್ನು ಓದುವವಳು ನಾಳೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿ ಡಾಕ್ಟರ ಎದುರು ಕೂತು “ನನಗೆ ಇದು ಬೇಕು, ಅದು ಬೇಡ” ಅನ್ನಬೇಕಾದವಳು. ಆ ಹೊತ್ತಿಗೆ ನಾಲಿಗೆಯ ಮೇಲೆ ಬರುವ ಪದಗಳು ಬೇಕು ನನಗೆ.

ಕೆಲವು ಸಲೀಸಾಗಿ ಬಗೆಹರಿದವು. ‘ಛೇದನ’ ಕೈಬಿಟ್ಟೆ, ಅದನ್ನು ಕೇಳಿದರೆ ಶಿರಚ್ಛೇದನವೇ ಕಣ್ಣಮುಂದೆ ಬರುತ್ತದೆ. ಇಲ್ಲಿಯ ಹವ್ಯಕ ಮನೆಗಳಲ್ಲಿ “ಒಂದ್ ಬದಿದು ತೆಗದ್ವಡ” (ಒಂದು ಬದಿಯದು ತೆಗೆದರಂತೆ) ಅಂದರೆ ಸಾಕು, ಯಾವುದು ಅಂತ ಯಾರೂ ಕೇಳುವುದಿಲ್ಲ. ಪುಸ್ತಿಕೆಯಲ್ಲಿ ‘ಸ್ತನ ತೆಗೆಯುವ ಆಪರೇಶನ್’ ಅಂತ ಇಟ್ಟಿದ್ದೇನೆ. ‘ಎದೆ ಆಪರೇಶನ್’ ಅಂದರೆ ಹಾರ್ಟಿನದು ಅಂದುಕೊಳ್ಳುತ್ತಾರೆ. ‘ಮೊಲೆ’ಯನ್ನು ಅಚ್ಚಿನಲ್ಲಿ ನೋಡಲು ಕೆಲವರಿಗೆ ಸಂಕೋಚ, ಹಸುವಿನದಾದರೆ ಇಲ್ಲ! ಆದರೂ ‘ಮೊಲೆತೊಟ್ಟು’ ಯಾರ ತಕರಾರೂ ಇಲ್ಲದೆ ಉಳಿಯಿತು. ತೊಟ್ಟಿನ ಸುತ್ತಲ ಬಣ್ಣವನ್ನು ಕೊನೆಯಲ್ಲಿ ಸೂಜಿಯಿಂದ ತುಂಬುವುದಕ್ಕೆ ‘ಹಚ್ಚೆ’ ಇದ್ದೇ ಇದೆ. ನಮ್ಮ ಅಜ್ಜಿಯರ ಮುಂಗೈ ಮೇಲೆ ಇದ್ದದ್ದೂ ಅದೇ ತಾನೇ.

ತೊಡಕು ಇರುವುದು ಮುಖ್ಯ ಪದದಲ್ಲಿ. ‘ಪುನರ್ನಿರ್ಮಾಣ’ ಅಂದ ಕೂಡಲೇ ಕಾರವಾರದವರಿಗೆ 2024ರ ಆಗಸ್ಟಿನಲ್ಲಿ ಕುಸಿದ ಕಾಳಿ ಹಳೇ ಸೇತುವೆ ನೆನಪಾಗುತ್ತದೆ. ಟೆಂಡರು, ಕಂತ್ರಾಟು, ಕಾಂಕ್ರೀಟು. ‘ಕಟ್ಟು’ ಎಂಬ ಕ್ರಿಯಾಪದ ನನಗೆ ಇಷ್ಟ. ಹಲ್ಲು ಹೋದವರು ಹಲ್ಲು ಕಟ್ಟಿಸಿಕೊಳ್ಳುತ್ತಾರೆ, ಅದರಲ್ಲಿ ನಾಚಿಕೆಯೂ ಇಲ್ಲ, ಆಡಂಬರವೂ ಇಲ್ಲ. ಹಾಗೇ ‘ಎದೆ ಕಟ್ಟಿಸಿಕೊಳ್ಳುವುದು’ ಅನ್ನೋಣವೆಂದರೆ, ಎದೆ ಕಟ್ಟುವುದು ಕಫಕ್ಕೆ. ‘ಮೊಲೆ ಕಟ್ಟುವುದು’ ಬಾಣಂತಿಗೆ ಹಾಲು ತುಂಬಿ ಗಟ್ಟಿಯಾದಾಗ. ಎರಡೂ ಕಡೆ ಬಾಗಿಲು ಮುಚ್ಚಿತು. ಸದ್ಯಕ್ಕೆ ‘ಸ್ತನ ಮರುರೂಪಣೆ’ ಅಂತ ಬರೆದಿದ್ದೇನೆ. ಓದಲು ಅಡ್ಡಿಯಿಲ್ಲ, ಆಡಲು ಬಿಗಿ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

ಇನ್ನು ಬಗೆಗಳು. ಒಂದು, ಸಿಲಿಕೋನ್ ಅಥವಾ ಸಲೈನ್ ತುಂಬಿದ ಚೀಲವನ್ನು ಒಳಗಿಡುವುದು. ಚರ್ಮ ಸಾಲದಿದ್ದರೆ ಮೊದಲು ಒಂದು ಖಾಲಿ ಚೀಲ ಇಟ್ಟು, ಕೆಲವು ವಾರ ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಸಲೈನ್ ತುಂಬಿಸಿ, ಚರ್ಮ ಹಿಗ್ಗಿದ ಮೇಲೆ ಅದರ ಬದಲು ಮೊದಲು ಹೇಳಿದ ಚೀಲ ಹಾಕುತ್ತಾರೆ. ಇದನ್ನು ನಾನು ‘ಹಿಗ್ಗುಚೀಲ’ ಅಂದೆ. ಕರಡು ಓದಿದ ಅಕ್ಕ ಒಬ್ಬರು “ಹಿಗ್ಗು ಎಲ್ಲಿಂದ ಬರ್ತದೆ ಮಾರಾಯ್ತಿ ಆ ಹೊತ್ತಿಗೆ” ಅಂದು ನಕ್ಕರು. ಪದವನ್ನು ಹಾಗೇ ಬಿಟ್ಟಿದ್ದೇನೆ. ‘ಕೃತಕ ಸ್ತನ’ ಮಾತ್ರ ಎರಡು ವಸ್ತುಗಳಿಗೆ ಒಂದೇ ಹೆಸರಾಗುತ್ತಿದೆ: ಒಳಗೆ ಇಡುವುದಕ್ಕೂ ಅದೇ, ಆಪರೇಶನ್ನೇ ಇಲ್ಲದೆ ಬ್ರಾ ಒಳಗೆ ಹಾಕಿಕೊಳ್ಳುವುದಕ್ಕೂ ಅದೇ. ಹಾಗಾಗಿ ‘ಒಳಗಿಡುವ ಚೀಲ’, ‘ತೊಡುವ ಸ್ತನ’ ಅಂತ ಬೇರೆ ಮಾಡಿದೆ. ಒಳಗಿಟ್ಟದ್ದು ಜೀವಮಾನವಿಡೀ ಬಾಳುತ್ತದೆಂಬ ಖಾತರಿಯಿಲ್ಲ, ಮುಂದೆ ಬದಲಿಸಬೇಕಾಗಬಹುದು. ರೇಡಿಯೇಶನ್ ಕೊಟ್ಟ ಕಡೆ ಅದರ ಸುತ್ತ ಬೆಳೆಯುವ ಪೊರೆ ಗಟ್ಟಿಯಾಗಿ ಬಿಗಿಯುವ ಸಂಭವವೂ ಹೆಚ್ಚು. ಹೆಸರಿನಲ್ಲೇ ‘ಕಾಯಂ’ ಅಂತ ಸೇರಿಸಬೇಡಿ ಅಂತ ಡಾಕ್ಟರು ಹೇಳಿದ್ದು ಅದಕ್ಕೇ.

ಎರಡನೆಯದು ತನ್ನದೇ ಮೈಯ ಭಾಗವನ್ನು ತಂದು ರೂಪಿಸುವುದು. ಇದಕ್ಕೆ ಕರಡಿನಲ್ಲಿ ‘ಕಸಿ’ ಅಂತ ಇತ್ತು. ಓದಿಸಿದಾಗ ಒಬ್ಬಾಕೆ ಕೇಳಿದ್ದು: “ಯಾರದ್ದು ತಂದು ಹಾಕ್ತಾರೆ?” ಪೇಪರಿನಲ್ಲಿ ಕಿಡ್ನಿ ಕಸಿ, ಲಿವರ್ ಕಸಿ ಓದಿದವರಿಗೆ ಹಾಗನ್ನಿಸುವುದು ಸಹಜ. ಇನ್ನೊಂದು ತೊಂದರೆ ಇದೆ. ಚರ್ಮದ ಕಸಿ ಅಂದರೆ ಸ್ವಂತ ರಕ್ತನಾಳವಿಲ್ಲದ ತೆಳು ಪದರ, ಅಂಟಿದ ಜಾಗವೇ ಅದನ್ನು ಸಾಕಬೇಕು. ಇಲ್ಲಿ ಹಾಗಲ್ಲ, ಚರ್ಮ, ಕೊಬ್ಬು ಎಲ್ಲ ತನ್ನ ರಕ್ತನಾಳದ ಸಮೇತ ಬರುತ್ತದೆ. ತೋಟಗಾರರಿಗೆ ಈ ಭೇದ ಕೂಡಲೇ ತಿಳಿಯುತ್ತದೆ: ಮೆಣಸಿನ ಬಳ್ಳಿಯ ತುಂಡು ಕೊಯ್ದು ಹಿಪ್ಪಲಿಗೆ ಕಟ್ಟುವುದು ಒಂದು, ಮಾವಿನ ಕೊಂಬೆಯನ್ನು ತಾಯಿಮರದಿಂದ ಕಡಿಯದೆಯೇ ಸಸಿಗೆ ಕಟ್ಟುವುದು ಇನ್ನೊಂದು. ಬೆನ್ನಿನ ಸ್ನಾಯುವನ್ನು ರಕ್ತನಾಳ ಕಡಿಯದೆ ಕಂಕುಳಡಿಯಿಂದ ಮುಂದಕ್ಕೆ ತಿರುಗಿಸಿ ತರುವುದು ಎರಡನೆಯ ಜಾತಿ. ಇಟಲಿಯ ಸರ್ಜನ್ ತಾನ್ಸಿನಿ 1906ರಲ್ಲೇ ಇದನ್ನು ಬರೆದಿಟ್ಟಿದ್ದ. ಕೆಳಹೊಟ್ಟೆಯಿಂದ ತರುವುದರಲ್ಲೂ ಎರಡು. ಹಳೆಯ ಕ್ರಮದಲ್ಲಿ ಹೊಟ್ಟೆಯ ಸ್ನಾಯುವೂ ಬರುತ್ತದೆ, ಆಮೇಲೆ ಹೊಟ್ಟೆ ಸಡಿಲವಾಗಿ ಹರ್ನಿಯಾ ಆಗಬಹುದು. ಹೊಸದರಲ್ಲಿ ಸ್ನಾಯು ಬಿಟ್ಟು ಬರೀ ಚರ್ಮ ಕೊಬ್ಬು ತೆಗೆದು, ರಕ್ತನಾಳ ಕಡಿದು, ಎದೆಯ ನಾಳಕ್ಕೆ ಮೈಕ್ರೋಸ್ಕೋಪಿನ ಕೆಳಗೆ ಹೊಲಿಯುತ್ತಾರೆ. ಹಲವು ತಾಸಿನ ಕೆಲಸ, ಎಲ್ಲ ಕಡೆ ಆಗುವುದಲ್ಲ. ಒಂದೇ ಪದದ ಆಸೆ ಬಿಟ್ಟು ‘ಹೊಟ್ಟೆಯಿಂದ ತರುವುದು’, ‘ಬೆನ್ನಿನಿಂದ ತಿರುಗಿಸಿ ತರುವುದು’ ಅಂತಲೇ ಬರೆಯಲೇ? ಪಾರಿಭಾಷಿಕ ಪದ ಬೇಕೆನ್ನುವವರಿಗೆ ‘ನಾಳಸಹಿತ ಕಸಿ’ ಅಂತ ಒಂದು ಕಡೆ ಹೇಳಿಬಿಡಬಹುದು.

ಕಾಲದ ಪದಗಳಿಗೂ ಇದೇ ಗತಿ. ‘ತಕ್ಷಣದ’ ಅಂದರೆ ತುರ್ತು ಅನ್ನಿಸುತ್ತದೆ. ‘ವಿಳಂಬಿತ’ ಅಂದರೆ ಆಕೆಯೇ ತಡಮಾಡಿದಳೆಂಬ ಆಪಾದನೆ, ಇಲ್ಲವೇ ಶಿರಸಿಯ ಸಂಗೀತಪ್ರಿಯರಿಗೆ ನಿಧಾನಗತಿಯ ಖಯಾಲ್ ಗಾಯನ. ‘ಅದೇ ಆಪರೇಶನ್ನಿನಲ್ಲಿ’, ‘ಆಮೇಲೆ ಯಾವಾಗಾದರೂ’ ಅಂತ ಬರೆದೆ. ವರ್ಷಗಳ ನಂತರವೂ ಮಾಡಿಸಬಹುದು, ಆದ್ದರಿಂದ ‘ಯಾವಾಗಾದರೂ’ ಇರಲೇಬೇಕು.

‘ಪ್ಲಾಸ್ಟಿಕ್ ಸರ್ಜರಿ’ ಅಂದರೆ ಪ್ಲಾಸ್ಟಿಕ್ ಇಡುತ್ತಾರೆ ಅಂದುಕೊಂಡವರು ಈಗಲೂ ಇದ್ದಾರೆ. ಅದು ರೂಪ ಕೊಡುವುದು ಎಂಬರ್ಥದ ಗ್ರೀಕ್ ಮೂಲದ್ದು, ನಮ್ಮ ಕೊಡ, ಬಕೆಟ್ಟುಗಳಿಗಿಂತ ಹಳೆಯದು. ‘ಸುರೂಪಿಕಾ ಚಿಕಿತ್ಸೆ’ ಎಂಬ ಬಳಕೆಯ ಪದ ಕೇಳಲು ಚೆನ್ನ, ಆದರೆ ಇಲ್ಲಿ ಬೇಡವೆಂದು ನನ್ನ ಮತ. ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಸೌಂದರ್ಯದ ಆಪರೇಶನ್ನಿಗೆ ದುಡ್ಡಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರ ಮರಳಿ ರೂಪಿಸುವುದಕ್ಕೆ ಮಾತ್ರ ಆ ಕಲಮಿನಲ್ಲೇ ವಿನಾಯಿತಿ ಇದೆ. ಚಂದಕ್ಕೆ ಮಾಡಿಸುವುದೆಂಬ ವಾಸನೆ ಬರುವ ಪದ ಅರ್ಜಿಯಲ್ಲೂ ಕಷ್ಟ, ಅತ್ತೆಮನೆಯಲ್ಲೂ ಕಷ್ಟ.

ಕೊನೆಯದೇ ನನಗೆ ಎಲ್ಲಕ್ಕಿಂತ ಬಿಕ್ಕಟ್ಟಾಗಿರುವುದು. ಇದ್ಯಾವುದೂ ಬೇಡ, ಚರ್ಮ ಸುಕ್ಕು, ಜೋಲು ಇಲ್ಲದಂತೆ ಎದೆಯನ್ನು ಸಮನಾಗಿ ಹೊಲಿದುಕೊಡಿ ಎಂದು ಕೇಳುವುದೂ ಒಂದು ಆಯ್ಕೆ, ಅದಕ್ಕೂ ಸರ್ಜನ್ನರ ಕೈಚಳಕ ಬೇಕು. ಕನ್ನಡದಲ್ಲಿ ‘ಹಾಗೇ ಬಿಡುವುದು’ ಅಂದರೆ ಅಲಕ್ಷ್ಯ, ‘ಚಪ್ಪಟೆ’ ಅಂದರೆ ಅಣಕ, ‘ಸಪಾಟು’ ರಸ್ತೆಗಾಯಿತು. ‘ಸಮಹೊಲಿಗೆ’ ಅಂದರೆ ಹೇಗೆ? ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವರು, ಮುಖ್ಯವಾಗಿ ಹೊಲಿಗೆ ಗೊತ್ತಿರುವ ಹೆಂಗಸರು, ಬಟ್ಟೆಯ ನೆರಿಗೆ ತೆಗೆದು ಮಟ್ಟಸವಾಗಿ ಹೊಲಿಯುವುದಕ್ಕೆ ಏನನ್ನುತ್ತೀರಿ ಎಂದು ಬರೆಯಿರಿ. ಪುಟವಿನ್ಯಾಸ ದೀಪಾವಳಿ ಕಳೆದ ಮೇಲೆ, ಅಲ್ಲಿಯವರೆಗೆ ತಿದ್ದಲು ಜಾಗ ಇದೆ.