ಸಹಾಯ ಬೇಕು: ಕುಡಿದು ಬರುವ ಡ್ರೈವಿಂಗ್ ತರಬೇತುದಾರರಿಗೆ ಯಾವ ಶಿಕ್ಷೆ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಎಲ್‌ಎಲ್ (ಕಲಿಯುವವರ ಪರವಾನಗಿ) ಪಡೆದು ಕಾರು ಕಲಿಯುತ್ತಿದ್ದು, ಬೆಳಗಿನ ತರಗತಿಗೆ ಬರುವ ತರಬೇತುದಾರರ ಬಾಯಿಂದ ಮದ್ಯದ ವಾಸನೆ ಬರುತ್ತದೆಂದೂ, ಲಾರಿ ಎದುರಾದಾಗ ಅವರು ತಮ್ಮ ಕಡೆಯ ಬ್ರೇಕನ್ನು ತಡವಾಗಿ ಒತ್ತಿದರೆಂದೂ ಹೇಳುತ್ತಾಳೆ. ನಮಗೆಲ್ಲ ಭಯವಾಗಿದೆ.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಕಂಡುಬಂದರೆ, ಮೊದಲ ಅಪರಾಧಕ್ಕೆ 6 ತಿಂಗಳವರೆಗಿನ ಸೆರೆವಾಸ, 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಆ ಕಲಮು ಹೇಳುವುದು ವಾಹನ ಓಡಿಸುವವರ ಅಥವಾ ಓಡಿಸಲು ಯತ್ನಿಸುವವರ ಬಗ್ಗೆ. ಕಲಿಯುವವರ ಜೊತೆಗಿರುವ ತರಬೇತುದಾರರು ವಾಹನವನ್ನು ನಿಯಂತ್ರಿಸಬಲ್ಲ ಇಲ್ಲವೇ ನಿಲ್ಲಿಸಬಲ್ಲ ಜಾಗದಲ್ಲೇ ಕುಳಿತಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಹೇಳುವುದರಿಂದ, ಅವರಿಗೂ ಇದೇ ಶಿಕ್ಷೆ ಅನ್ವಯಿಸುತ್ತದೆಯೇ? ದೂರನ್ನು ಆರ್‌ಟಿಒ ಕಚೇರಿಗೆ ಕೊಡಬೇಕೋ, ಸಂಚಾರ ಪೊಲೀಸರಿಗೋ? ಇಂಥ ಪ್ರಕರಣ ನಡೆಸಿರುವ ವಕೀಲರು ದಯವಿಟ್ಟು ತಿಳಿಸಿ.