4 ಟಿಬಿ ಡಿಸ್ಕ್‌ನಿಂದ ಉಬುಂಟು ಏಳುತ್ತಿಲ್ಲ: ಪ್ರಶ್ನೋತ್ತರ

ಶಿರಸಿಯ ಸದಸ್ಯರು: ನಮಸ್ಕಾರ ಸರ್. ಯುಇಎಫ್‌ಐ (ಕಂಪ್ಯೂಟರನ್ನು ಶುರುಮಾಡುವ ಹೊಸ ಬಗೆಯ ಒಳತಂತ್ರಾಂಶ) ಇಲ್ಲದ ಹಳೆಯ ಕಂಪ್ಯೂಟರಿಗೆ 4 ಟಿಬಿ ಡಿಸ್ಕ್ ಹಾಕಿ, ಅಷ್ಟನ್ನೂ ಒಂದೇ ಪಾರ್ಟಿಷನ್ (ವಿಭಾಗ) ಮಾಡಿ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದೆ. ಎಂಟು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ನಿನ್ನೆ ಅಪ್‌ಡೇಟ್ ಆದ ಮೇಲೆ ಗ್ರಬ್‌ನ (ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) ಮೆನು ಬರುತ್ತದೆ; ಎಂಟರ್ ಒತ್ತಿದರೆ ‘ಅಟೆಂಪ್ಟ್ ಟು ರೀಡ್ ಆರ್ ರೈಟ್ ಔಟ್‌ಸೈಡ್ ಆಫ್ ಡಿಸ್ಕ್’ (ಡಿಸ್ಕಿನ ಹೊರಗೆ ಓದುವ ಅಥವಾ ಬರೆಯುವ ಯತ್ನ) ಎಂದು ನಿಂತುಬಿಡುತ್ತದೆ. ಅಂಗಡಿಯವರು ಡಿಸ್ಕ್ ಹೋಗಿದೆ ಎನ್ನುತ್ತಾರೆ. ಮಗಳ ಮದುವೆಯ ಫೋಟೋಗಳೆಲ್ಲ ಅದರಲ್ಲೇ ಇವೆ.

ತಜ್ಞರು: ಡಿಸ್ಕ್ ಹೋಗಿರಲಾರದು, ಯಾರಿಗೂ ಫಾರ್ಮ್ಯಾಟ್ ಮಾಡಲು ಕೊಡಬೇಡಿ. ಕರ್ನಲ್ (ಲಿನಕ್ಸಿನ ತಿರುಳು) ಏಳುವವರೆಗೆ ಗ್ರಬ್ ಡಿಸ್ಕನ್ನು ಬಯೋಸ್ (ಹಳೆಯ ಕಂಪ್ಯೂಟರನ್ನು ಶುರುಮಾಡುವ ಒಳತಂತ್ರಾಂಶ) ಮೂಲಕವೇ ಓದಬೇಕು. ಹಲವು ಹಳೆಯ ಬಯೋಸ್‌ಗಳು ಸೆಕ್ಟರ್ (ಡಿಸ್ಕಿನ ಚಿಕ್ಕ ತುಂಡು) ಸಂಖ್ಯೆಯನ್ನು 32 ಬಿಟ್‌ನಲ್ಲಿ ಎಣಿಸುತ್ತವೆ, ಅಂದರೆ ತಲಾ 512 ಬೈಟಿನ ಸುಮಾರು 429 ಕೋಟಿ ಸೆಕ್ಟರ್, 2.2 ಟಿಬಿಗೆ ಲೆಕ್ಕ ಮುಗಿಯಿತು. ನಿಮ್ಮ ಮೊದಲ ಕರ್ನಲ್ ಆ ಗಡಿಯ ಒಳಗೆ ಬಿದ್ದಿತ್ತು. ನಿನ್ನೆಯದು, ಖಾಲಿ ಜಾಗ ಸಿಕ್ಕಲ್ಲಿ ಕುಳಿತು, ಗಡಿಯ ಆಚೆ ಹೋಗಿರಬೇಕು. ಎಂಟು ತಿಂಗಳು ನಡೆದದ್ದು ಹೀಗೆ.

ಮೆನುವಿನಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ತೆರೆದು ಹಳೆಯ ಕರ್ನಲ್ ಆರಿಸಿ. ಅದು ಎದ್ದರೆ ನನ್ನ ಊಹೆ ಸರಿ: ಎದ್ದ ಮೇಲೆ ಲಿನಕ್ಸ್ ತನ್ನದೇ ಡ್ರೈವರ್‌ನಿಂದ ಇಡೀ 4 ಟಿಬಿಯನ್ನೂ ಓದುತ್ತದೆ. ಮೊದಲು ಫೋಟೋಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಆಮೇಲೆ ಒಂದು ಚಿಕ್ಕ ಎಸ್‌ಎಸ್‌ಡಿ ತಂದು ಕರ್ನಲ್ ಇರುವ ಬೂಟ್ ಫೋಲ್ಡರನ್ನೂ ಗ್ರಬ್ಬನ್ನೂ ಅದರ ಮೇಲೆ ಹಾಕಿಸಿ, ಬಯೋಸ್‌ನಲ್ಲಿ ಅದನ್ನೇ ಮೊದಲಿಗೆ ಇಡಿ. ಈಗಿರುವ ಪಾರ್ಟಿಷನ್ನನ್ನು ಹಿಂದಕ್ಕೆ ಸರಿಸಿ ಮುಂದೆ ಜಾಗ ಮಾಡುವ ದಾರಿಯೂ ಇದೆ; ಆದರೆ ಅದಕ್ಕೆ ಹಲವು ಗಂಟೆ ಬೇಕು, ನಡುವೆ ಕರೆಂಟ್ ಹೋದರೆ ಫೋಟೋಗಳೂ ಹೋಗುತ್ತವೆ.

ಹಾಸನದ ಸದಸ್ಯರು: ಸರ್, 3 ಟಿಬಿ ಡಿಸ್ಕಿಗೆ ವಿಂಡೋಸ್ 10 ಹಾಕುವಾಗ 746 ಜಿಬಿ ಬಳಸಲು ಬರುತ್ತಿಲ್ಲ.

ತಜ್ಞರು: ಡಿಸ್ಕ್ ಎಂಬಿಆರ್‌ನಲ್ಲಿದೆ; ಅದು ಪಾರ್ಟಿಷನ್ ಪಟ್ಟಿಯ ಹಳೆಯ ಬಗೆ, ಅದರ ಲೆಕ್ಕವೂ 2.2 ಟಿಬಿಗೆ ಮುಗಿಯುತ್ತದೆ. ಹೊಸ ಬಗೆಯಾದ ಜಿಪಿಟಿ ಬೇಕು; ಅದರಿಂದ ವಿಂಡೋಸ್ ಏಳಲು ಯುಇಎಫ್‌ಐ ಬೇಕು.

ತುಮಕೂರಿನ ಸದಸ್ಯರು: ಬಂದ ಸಂದೇಶವನ್ನು ಹಂಚುತ್ತಿದ್ದೇನೆ: ‘ಡಿಸ್ಕ್‌ಪಾರ್ಟ್ (ವಿಂಡೋಸಿನ ಡಿಸ್ಕ್ ಉಪಕರಣ) ತೆರೆದು ಕ್ಲೀನ್, ನಂತರ ಕನ್ವರ್ಟ್ ಜಿಪಿಟಿ. ಖಂಡಿತ ಪರಿಹಾರ.’

ತಜ್ಞರು: ದಯವಿಟ್ಟು ಇದನ್ನು ಅಳಿಸಿ. ‘ಕ್ಲೀನ್’ ಆ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನೇ ಅಳಿಸುತ್ತದೆ. ಮದುವೆಯ ಫೋಟೋ ಇರುವವರೊಬ್ಬರು ಇದೇ ಗುಂಪಿನಲ್ಲಿ ಓದುತ್ತಿದ್ದಾರೆ.

ತುಮಕೂರಿನ ಸದಸ್ಯರು: ನನ್ನ ಡಿಸ್ಕಿಗೆ ಏನೂ ಆಗಲಿಲ್ಲ.

ಧಾರವಾಡದ ಸದಸ್ಯರು: ನಿಮ್ಮದು ಖಾಲಿ ಡಿಸ್ಕ್ ಆಗಿತ್ತು, ನೀವೇ ಹಿಂದೆ ಬರೆದಿದ್ದಿರಿ. ಅದಿರಲಿ, ಶಿರಸಿಯವರ ಡಿಸ್ಕ್ ಜಿಪಿಟಿಯಲ್ಲೇ ಇರಬೇಕು, ಇಲ್ಲದಿದ್ದರೆ 4 ಟಿಬಿ ಒಂದೇ ಪಾರ್ಟಿಷನ್ ಆಗುತ್ತಿರಲಿಲ್ಲ. ಜಿಪಿಟಿಗೆ 2.2 ಟಿಬಿಯ ಮಿತಿ ಇಲ್ಲವಲ್ಲ?

ಮೈಸೂರಿನ ಸದಸ್ಯರು: ಪಟ್ಟಿಗೆ ಆ ಮಿತಿ ಇಲ್ಲದಿದ್ದರೆ ಏನಾಯಿತು, ಓದುವ ಬಯೋಸಿಗೆ ಇದೆ. ಮೇಲೆ ಬರೆದದ್ದನ್ನು ಓದದೆ ವಾದಕ್ಕೆ ಇಳಿಯಬೇಡಿ.

ಧಾರವಾಡದ ಸದಸ್ಯರು: ಕೇಳಿದ್ದು ತಜ್ಞರನ್ನು, ನಿಮ್ಮನ್ನಲ್ಲ.

ಬೀದರ್‌ನ ಸದಸ್ಯರು: ಯುಎಸ್‌ಬಿ ಪೆಟ್ಟಿಗೆಯಲ್ಲಿ ತುಂಬಿಸಿದ ಡಿಸ್ಕನ್ನು ನೇರವಾಗಿ ಒಳಗೆ ಜೋಡಿಸಿದರೆ ಖಾಲಿ ಎಂದು ತೋರಿಸುತ್ತದೆ. ಯಾಕೆ ಸರ್?

ಗದಗದ ಸದಸ್ಯರು: 3 ಟಿಬಿ ಡಿಸ್ಕ್ 2 ಟಿಬಿ ಎಂದು ತೋರಿಸುತ್ತಿದೆ.

ತಜ್ಞರು: ಗದಗದವರಿಗೂ ಹಾಸನದವರಿಗೆ ಕೊಟ್ಟ ಉತ್ತರವೇ.

ಶಿರಸಿಯ ಸದಸ್ಯರು: ಹಳೆಯ ಕರ್ನಲ್ ಎದ್ದಿತು ಸರ್! ಫೋಟೋ ನಕಲಾಗುತ್ತಿವೆ, ಇನ್ನೂ ಮೂರು ಗಂಟೆ ಎಂದು ತೋರಿಸುತ್ತಿದೆ.

ತಜ್ಞರು: ಬಹಳ ಸಂತೋಷ. ಎಸ್‌ಎಸ್‌ಡಿ ಬರುವವರೆಗೆ ಅಪ್‌ಡೇಟ್ ಮಾಡಬೇಡಿ, ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ಆಟೋರಿಮೂವ್ ಆಜ್ಞೆಯನ್ನಂತೂ ಕೊಡಲೇಬೇಡಿ. ನಿಮ್ಮನ್ನು ಈಗ ಒಳಗೆ ಬಿಟ್ಟ ಆ ಹಳೆಯ ಕರ್ನಲನ್ನೇ ಅದು ತೆಗೆದುಹಾಕಬಹುದು.